ತರೀಕೆರೆ ಕೋಣೆಯ ಉಚ್ಚೆಬಟ್ಟೆಗಳು

ನಿಮ್ಮ ಅಪ್ಪ ಕೈಕೂಸಾಗಿದ್ದಾಗ ನಾವು ತರೀಕೆರೆಯ ಒಂದು ವಠಾರದಲ್ಲಿ ಬಾಡಿಗೆಗಿದ್ದೆವು. ಒಂದೇ ಕೋಣೆ. ನಿಮ್ಮ ತಾತನಿಗೆ ಅಕ್ಕಿ ಗಿರಣಿಯಲ್ಲಿ ರಾತ್ರಿ ಪಾಳಿ, ಹಗಲು ನಿದ್ದೆ. ಮಗು ಅತ್ತರೆ ಅವರಿಗೆ ಎಚ್ಚರವಾಗುತ್ತದೆಂದು ಎತ್ತಿಕೊಂಡು ಹೊರಗೇ ಕೂತಿರುತ್ತಿದ್ದೆ. ನಾನು ಹುಟ್ಟಿದೂರು ಯಗಟಿ ಬಿಟ್ಟು ಬೇರೆ ಊರು ಕಂಡವಳಲ್ಲ. ಅಕ್ಕಪಕ್ಕದವರು ಮಾತಾಡಿಸಿದರೆ ತಲೆ ತಗ್ಗಿಸುತ್ತಿದ್ದೆ.

ವಠಾರಕ್ಕೆಲ್ಲ ಒಗೆಯುವ ಕಲ್ಲು ಒಂದೇ, ಮನೆಗೊಂದು ದಿನ ಸರದಿ. ಅಲ್ಲಿಯವರೆಗೆ ಉಚ್ಚೆಬಟ್ಟೆ, ಕಕ್ಕದ ಬಟ್ಟೆ ಎಲ್ಲ ಕೂಡಿಡಬೇಕು. ಹಳೆ ಸೀರೆ ಹರಿದು ಮಾಡಿದ ತುಂಡುಗಳು ಅವು. ವಾಸನೆ ಯಾರ ಮೂಗಿಗೂ ಬಡಿಯದಿರಲಿ ಎಂದು ಹಸಿಯಾಗಿಯೇ ತಗಡಿನ ಡಬ್ಬಕ್ಕೆ ತುರುಕಿ, ಮುಚ್ಚಳ ಬಿಗಿದು, ಮೇಲೊಂದು ಕಲ್ಲು ಹೇರುತ್ತಿದ್ದೆ. ತೆಗೆದಾಗ ಕಣ್ಣಲ್ಲಿ ನೀರು ಬರುವಂಥ ಘಾಟು.

ಪಕ್ಕದ ಮನೆಯಾಕೆ ಒಂದು ದಿನ ಬಾಗಿಲಲ್ಲಿ ನಿಂತು ಸೆರಗಿನಿಂದ ಮೂಗು ಮುಚ್ಚಿಕೊಂಡರು. "ಏನವ್ವಾ, ನಿಮ್ಮನೇಲಿ ಇಲಿ ಗಿಲಿ ಸತ್ತೈತಾ? ಹುಡ್ಕಿ ತೆಗ್ದಾಕು ತಾಯಿ."

"ಹೂಂ, ಹುಡುಕ್ತೀನಿ" ಅಂದೆ. ನಿಜ ಹೇಳಲು ನಾಚಿಕೆ.

ಒಳಗೆ ಮಲಗಿದ್ದ ನಿಮ್ಮ ತಾತ ಎದ್ದು ಕೂತರು. "ಈ ವಾಸ್ನೇಲಿ ಮನುಷ್ಯ ಮಲಗೋಕಾಗುತ್ತೇನೇ? ನಿಮ್ಮಣ್ಣಂಗೆ ಹೇಳಿ ಕಳಿಸ್ತೀನಿ. ಮಗು ನಡಿಯೋವರ್ಗೂ ಊರಲ್ಲಿದ್ಬಿಡು."

ಬಸಿರು, ಬಾಣಂತನ ಎಂದು ತವರಲ್ಲೇ ಕಳೆದು, ಅವರ ಜೊತೆ ಸಂಸಾರ ಮಾಡಿದ್ದೇ ಸ್ವಲ್ಪ ದಿನ. ವಾಸನೆ ಹೋದರೆ ಇಲ್ಲೇ ಉಳಿಯಬಹುದು ಎಂದುಕೊಂಡೆ. ಆಮೇಲೆ ನನಗೆ ಅದೊಂದೇ ಯೋಚನೆ.

ನಮ್ಮೂರ ಕುರಿ ರೊಪ್ಪ ನೆನಪಾಯಿತು. ಇಡೀ ಮಂದೆ ರಾತ್ರಿಯೆಲ್ಲ ಅಲ್ಲೇ ನಿಂತರೂ, ಬಿಸಿಲು ಗಾಳಿ ಆಡುವಾಗ ಅಷ್ಟು ನಾತವಿಲ್ಲ. ಮಳೆ ಹಿಡಿದು ನೆಲ ಒದ್ದೆಯಾದಾಗಲೇ ಹತ್ತಿರ ನಿಲ್ಲಲಾಗುತ್ತಿರಲಿಲ್ಲ. ನಾನು ಮಾಡುತ್ತಿದ್ದುದೇ ತಪ್ಪು, ಒದ್ದೆಯನ್ನು ಮುಚ್ಚಿಡುತ್ತಿದ್ದೆ.

ಅಂದಿನಿಂದ ಮಗು ಬಟ್ಟೆ ಕೆಡಿಸಿದ ಕೂಡಲೇ ಕಕ್ಕ ಬಳಿದು ತೆಗೆದು, ಚೊಂಬು ನೀರಲ್ಲಿ ಜಾಲಿಸಿ ಹಿಂಡಿ, ಹಿತ್ತಲ ಹಗ್ಗದ ಮೇಲೆ ಹರವುತ್ತಿದ್ದೆ. ಆರಿದ ಮೇಲೆ ಬಿದಿರು ಪುಟ್ಟಿಗೆ ಹಾಕಿ ಸೂರಿನ ಕೆಳಗೆ ತೂಗುಹಾಕುತ್ತಿದ್ದೆ. ಮುಚ್ಚಳವಿಲ್ಲ. ಉಳಿದ ವಾಸನೆ ಹೀರಲೆಂದು ಪುಟ್ಟಿಯ ತಳಕ್ಕೆ ಗಿರಣಿಯ ಹೊಟ್ಟಿನ ಬೂದಿ. ಬೂದಿ ಬೇಕೆಂದು ತಡವರಿಸಿಕೊಂಡು ಕೇಳಿದಾಗ ನಿಮ್ಮ ತಾತ ಏಕೆ ಏನು ಎನ್ನದೆ ಚೀಲದ ತುಂಬ ತಂದುಕೊಟ್ಟರು. ಅದನ್ನು ಕಂಡು ನನಗೆ ಧೈರ್ಯ ಬಂದಿತ್ತು.

ಪಕ್ಕದ ಮನೆಯಾಕೆ ಮತ್ತೆ ಬಂದರು. "ಸಿಕ್ತೇನವ್ವಾ ಇಲಿ?"

"ಸಿಕ್ತು" ಅಂದೆ.

"ದೊಡ್ಡದೇ ಇರ್ಬೇಕು ಬಿಡು!" ಎಂದು ನಕ್ಕರು. ನಾನೂ ನಕ್ಕೆ. ಆ ವಠಾರದಲ್ಲಿ ನಾನು ನಕ್ಕದ್ದು ಅದೇ ಮೊದಲಿರಬೇಕು.

ನಿಮ್ಮ ತಾತ ಆಗಲೇ ಹೇಳಿ ಕಳಿಸಿದ್ದರು; ಮುಂದಿನ ವಾರ ಕಡೂರಿನ ಬಸ್ಸಿಳಿದು ಅಣ್ಣ ಬಂದ. ಒಳಗೆ ಕಾಲಿಟ್ಟು ಮೂಗು ಅರಳಿಸಿ ಅಂದ: "ಎಲ್ಲಿ ಭಾವ ವಾಸ್ನೆ? ನಂಗೇನೂ ಹೊಡೀತಿಲ್ವಲ್ಲ!"

ನಿಮ್ಮ ತಾತ ಗೋಡೆ ನೋಡಿದರು. "ಬಂದಿದ್ದೀಯಲ್ಲಪ್ಪಾ, ಕರ್ಕೊಂಡೇ ಹೋಗು. ಒಬ್ನೇ ಇದ್ರೆ ನಂಗೆ ಸಲೀಸು."

ಅಣ್ಣ ನನ್ನ ಮುಖ ನೋಡಿದ. ನಾನು ಟ್ರಂಕು ಎಳೆದುಕೊಂಡು ಬಟ್ಟೆ ಮಡಿಸತೊಡಗಿದೆ.

ನಿಮ್ಮ ತಾತ ಕೆಟ್ಟವರಲ್ಲ, ಮಕ್ಕಳೇ. ಬಸ್ ಸ್ಟ್ಯಾಂಡಿಗೆ ಬಂದು ಕಿಟಕಿ ಪಕ್ಕ ಸೀಟು ಹಿಡಿದುಕೊಟ್ಟರು, ಬಿಸ್ಕತ್ತು ಕೊಡಿಸಿದರು. ಗಿರಣಿ ಬಿಡುವಿದ್ದಾಗ, ಹಬ್ಬಕ್ಕೆ ಯಗಟಿಗೆ ಬರುತ್ತಿದ್ದರು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ತಿರುಗುತ್ತಿದ್ದರು. ನಿಮ್ಮ ಅಪ್ಪ ಅಂಬೆಗಾಲು ಬಿಟ್ಟು ನಡೆಯತೊಡಗಿದಾಗ, ನಡೆದು ಅವರ ಹತ್ತಿರವೇ ಹೋದಾಗ, ಅವರು ಚಪ್ಪಾಳೆ ತಟ್ಟಿ ಖುಷಿಪಟ್ಟರು. ಆ ಸಂಜೆಯೆಲ್ಲ ಅವರ ಬಾಯಿಂದ 'ನಡಿ, ತರೀಕೆರೆಗೆ ಹೋಗೋಣ' ಎಂಬ ಒಂದು ಮಾತು ಬರಲಿ ಎಂದು ಕಾದೆ. ಬೆಳಿಗ್ಗೆ ಅವರೊಬ್ಬರೇ ತರೀಕೆರೆಗೆ ಹೋದರು.