ಎರೆಹುಳುಗಳ ಬಾಣಂತನ

ಕಳೆದ ಸೋಮವಾರ ಬೆಟಗೇರಿಯ ನಮ್ಮ ಮನೆಯಲ್ಲಿ ಎರೆಹುಳುಗಳಿಗೆ ಬಾಣಂತನ ಮಾಡಲಾಯಿತು. ನಗಬೇಡಿ. ಮಾಡಿದವರು ನನ್ನ ಅತ್ತೆ. ಅದಕ್ಕೆ ಕೆಂಡ ಹೊತ್ತವಳು ನಿಜವಾದ ಬಾಣಂತಿ.

ಕನ್ನಡ ನಾಡು ಒಂದಾದ ಮೇಲಿನ ಮೊದಲ ಬೇಸಿಗೆ ಇದು. ಬರೀ ಭಾಷಣ ಸಾಕೆ, ಮಣ್ಣಿಗೂ ಏನಾದರೂ ಮಾಡಬೇಡವೆ? ಚಹಾದ ಹಳೆಯ ಪೆಟ್ಟಿಗೆಯೊಂದರಲ್ಲಿ ಎರೆಹುಳು ಸಾಕತೊಡಗಿದೆ. ತಳಕ್ಕೆ ತೂತು, ಒಳಗೆ ಅರೆಕೊಳೆತ ಸಗಣಿ, ಕಾಯಿಪಲ್ಲೆಯ ಸಿಪ್ಪೆ, ಮೇಲೆ ಒದ್ದೆ ಗೋಣಿತಟ್ಟು. ದಿನಕ್ಕೆರಡು ಬಾರಿ ನೀರು ಚಿಮುಕಿಸಬೇಕು. ತಂಪು ತಪ್ಪಿದರೆ ಹುಳುಗಳು ಉಳಿಯವು. ರವಿವಾರ ಶಿರಹಟ್ಟಿ, ಮುಂಡರಗಿಗಳಿಂದ ಮಹಿಳೆಯರು ಇದನ್ನು ನೋಡಲು ಬರುವವರಿದ್ದರು. (ಕಾರ್ಯಕ್ರಮದ ಹೆಸರು ‘ಸ್ವತಂತ್ರ ನಾಡಿನ ಗೊಬ್ಬರ’. ಇಟ್ಟವಳು ನಾನೇ.)

ಆ ಸಿದ್ಧತೆಗೆಂದು ಮುಸುರೆ ತಿಕ್ಕುವ ಸಾವಕ್ಕನಿಗೆ ಹೇಳಿಕಳಿಸಿದೆ. ಅವಳು ಹಡೆದು ಹತ್ತು ದಿನವಾಗಿತ್ತು. ಬಾರದಿದ್ದರೆ ಬೇರೆಯವಳನ್ನು ಇಟ್ಟುಕೊಂಡಾರೆಂಬ ಹೆದರಿಕೆಯಿಂದ ಬಂದಳು. ಕೂಸನ್ನು ಹಿತ್ತಲಲ್ಲಿ ಸೀರೆಯ ಜೋಳಿಗೆ ಕಟ್ಟಿ ಮಲಗಿಸಿ, ನಡು ಹಿಡಿದುಕೊಂಡೇ ಸಗಣಿ ಹೊತ್ತಳು.

ಸೋಮವಾರ ಗೋಣಿ ಎತ್ತಿದರೆ, ಸಾಸಿವೆಗಿಂತ ತುಸು ದಪ್ಪನೆಯ ಹಳದಿ ಮೊಟ್ಟೆಗಳು! ಸಂತೋಷದಿಂದ ಕೂಗಿಬಿಟ್ಟೆ. ಕೂಗಬಾರದಿತ್ತು.

“ಹಡದಾವೇನವಾ? ಮತ್ತ ತಣ್ಣೀರ ಯಾಕ ಸುರೀತಿ? ಸನ್ನಿ ಆದೀತು!” ಅತ್ತೆ ನನ್ನ ಕೈಯ ತಂಬಿಗೆಯನ್ನು ಕಿತ್ತುಕೊಂಡರು.

“ಅತ್ತೀ, ಅವು ಹುಳಾ. ತಂಪ ಇರಬೇಕ್ರಿ.”

“ಹುಳಾ ಆದ್ರೇನು, ಮನಶ್ಯಾ ಆದ್ರೇನು? ನಾ ಆರು ಹಡದೀನಿ. ನೀ ಬರೇ ಪುಸ್ತಕ ಓದೀದಿ.”

ಪೆಟ್ಟಿಗೆಯ ಕೆಳಗೆ ಅಗ್ಗಿಷ್ಟಿಕೆ ಬಂತು. ಅಜವಾನದ ಹೊಗೆ ಬಂತು. ಗಾಳಿ ತಾಗದಂತೆ ಕಂಬಳಿಯೂ ಬಂತು. (ಈ ಬಿಸಿಲಿನಲ್ಲಿ!) ಹುಳುಗಳು ಜೀವ ಉಳಿಸಿಕೊಳ್ಳಲು ಪೆಟ್ಟಿಗೆಯ ಅಂಚು ಹತ್ತಿದವು.

“ನೋಡು, ಮೈ ಹಗುರಾಗಿ ಅಡ್ಡಾಡಾಕ ಹತ್ಯಾವು,” ಎಂದರು ಅತ್ತೆ.

ಇನ್ನು ಸುಮ್ಮನಿರುವುದು ಹೇಗೆ? ಹೆಣ್ಣಿನ ಆರೋಗ್ಯವನ್ನು ಹೊಗೆಗೂ ಕತ್ತಲೆಗೂ ಒಪ್ಪಿಸುವ ಮೌಢ್ಯವನ್ನು ಅಲ್ಲಿಯೇ ಖಂಡಿಸಿದೆ. ಅಜ್ಞಾನ, ರೂಢಿ, ಹಿರಿಯರ ಹಟ, ಯಾವುದನ್ನೂ ಬಿಡಲಿಲ್ಲ. ನಾನು ಒಂದೊಂದೇ ತಪ್ಪನ್ನು ಹೆಸರಿಸುತ್ತಿದ್ದಷ್ಟು ಹೊತ್ತೂ ಸಾವಕ್ಕ ಎರಡನೆಯ ಅಗ್ಗಿಷ್ಟಿಕೆ ಹಿಡಿದು ನಿಂತೇ ಇದ್ದಳು.

“ಅಕ್ಕಾರ, ಮುಗೀತೇನ್ರಿ? ಕಾಲ ನಡಗಾಕ ಹತ್ಯಾವ್ರಿ. ನಾಕ ದಿನ ಮನ್ಯಾಗ ಮಲಗ್ತೀನ್ರಿ.”

ನಾನು ಏನೆಂದೆ ಗೊತ್ತೆ? ಮುಚ್ಚಿಡದೆ ಬರೆಯುತ್ತೇನೆ. “ರವಿವಾರದ್ದೊಂದು ಮುಗೀಲಿ, ಸಾವಕ್ಕ.”

ಅವಳು ಸಿಟ್ಟಾಗಲಿಲ್ಲ. ಪೆಟ್ಟಿಗೆಯನ್ನು ನೋಡಿದಳು, ಕಂಬಳಿಯನ್ನು ನೋಡಿದಳು, ಹುಳುಗಳಿಗೆಂದು ಅತ್ತೆ ಆರಲು ಇಟ್ಟಿದ್ದ, ಬಾಣಂತಿಯರಿಗೆ ಕೊಡುವ ಅಳವಿ ಪಾಯಸವನ್ನು ನೋಡಿದಳು.

“ಹಂಗಾರ ರವಿವಾರ ತನಕ ನನ್ನೂ ಅದರಾಗ ಇಡ್ರಿ.”