ಹಸಿರು ಸ್ಟೂಲಿನ ಮೇಲೆ ಅತ್ತೆ

ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಓದುವವರು ದಯವಿಟ್ಟು ಸಹಿಸಿಕೊಳ್ಳಬೇಕು. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು ನಾನು, ದೊಡ್ಡ ಪದಗಳು ಬರುವುದಿಲ್ಲ. ಆದರೂ ನನ್ನ ಸೋದರಮಾವನ ಬಗ್ಗೆ ಯಾರಾದರೂ ಬರೆದಿಡಬೇಕು ಅನ್ನಿಸಿತು. ಮಾವ ಬರೆಯುವವನಲ್ಲ, ಅತ್ತೆಗೆ ಪುರುಸೊತ್ತಿಲ್ಲ. ಉಳಿದವಳು ನಾನು. ತಪ್ಪಾಗಬಾರದೆಂದು ಪ್ರತಿ ಸಾಲನ್ನೂ ಮತ್ತೊಮ್ಮೆ ಓದಿಕೊಂಡು ಬರೆಯುತ್ತಿದ್ದೇನೆ.

ಮಾವ ಮೆಕ್ಯಾನಿಕ್. ನಮ್ಮ ಬೀದಿಯಲ್ಲಿ ಅವನಿಗೆ ‘ಕಥೆ ಮೇಸ್ತ್ರಿ’ ಎಂದು ಹೆಸರು. ಗಾಡಿ ಕೆಟ್ಟಿತೆಂದು ಯಾರೇ ಬರಲಿ, ಅವನು ಮೊದಲು ಬಾನೆಟ್ ಎತ್ತುವುದಿಲ್ಲ. ಕೈ ಒರೆಸಿಕೊಂಡು, ಗ್ಯಾರೇಜಿನ ಬಾಗಿಲ ಪಕ್ಕದ ಹಸಿರು ಸ್ಟೂಲಿನ ಮೇಲೆ ಅವರನ್ನು ಕೂರಿಸಿ, ಮೊದಲಿಂದ ಹೇಳಿ ಅನ್ನುತ್ತಾನೆ. ಗಾಡಿ ನಿಂತಾಗ ಬಿಸಿಲಿತ್ತೋ, ಏರಿತ್ತೋ, ಎಷ್ಟು ಜನ ಕೂತಿದ್ದರೋ, ಯಾವ ಸದ್ದು ಮೊದಲು ಬಂತೋ, ಎಲ್ಲವೂ ಬೇಕು ಅವನಿಗೆ. ಇವನ ಹತ್ತಿರ ಬ್ರೇಕ್ ತೋರಿಸಬೇಕಾದರೆ ಮದುವೆಯಾದ ದಿನದಿಂದ ಶುರುಮಾಡಬೇಕು ಎಂದು ಪಕ್ಕದ ಟೈರ್ ಅಂಗಡಿಯವನು ಆಡಿಕೊಳ್ಳುತ್ತಾನೆ. ಮಾವನಿಗೆ ಬೇಸರವಿಲ್ಲ. ಗಾಡಿಗಂತೂ ಬಾಯಿಲ್ಲ, ಓಡಿಸುವವರಿಗಾದರೂ ಇದೆಯಲ್ಲ ಅನ್ನುತ್ತಾನೆ.

ನಾನು ಶಾಲೆ ಬಿಟ್ಟು ಅವರ ಮನೆಗೆ ಬಂದಾಗ ಮಾತ್ರ ನನ್ನನ್ನು ಆ ಸ್ಟೂಲಿನ ಮೇಲೆ ಕೂರಿಸಲಿಲ್ಲ. ಒಂದು ಬಟ್ಟೆ ಕೊಟ್ಟು, ಸ್ಪ್ಯಾನರ್‌ಗಳನ್ನು ಒರೆಸಿಡು ಪುಟ್ಟಿ ಅಂದ, ಅಷ್ಟೆ. ನನಗೆ ಅದೇ ಹಿತವಾಗಿತ್ತು.

ಅತ್ತೆ ಶಾಲೆಯ ಮಕ್ಕಳ ವ್ಯಾನು ಓಡಿಸುತ್ತಾಳೆ. ವ್ಯಾನಿಗೆ ನನಗಿಂತ ಹೆಚ್ಚು ವಯಸ್ಸು. ಮಕ್ಕಳು ಅದನ್ನು ಅಜ್ಜಿ ಅಂತಲೇ ಕರೆಯುತ್ತಾರೆ. ಯಾವ ಮಗುವಿಗೆ ಕಿಟಕಿ ಬೇಕು, ಯಾವುದಕ್ಕೆ ತಿರುವಿನಲ್ಲಿ ಹೊಟ್ಟೆ ತೊಳಸುತ್ತದೆ ಎಂಬುದೆಲ್ಲ ಅತ್ತೆಗೆ ಬಾಯಿಪಾಠ. ವ್ಯಾನು ಓಡಿಸದ ದಿನ ಅವಳ ಮುಖವೇ ಬಾಡಿರುತ್ತದೆ.

ಈ ವರ್ಷ ಅಜ್ಜಿ ದಾರಿಯಲ್ಲಿ ಮಲಗತೊಡಗಿದಳು. ಆಸ್ಪತ್ರೆಯ ಹಿಂದಿನ ಏರಿನಲ್ಲಿ ಎಂಜಿನ್ ತಟ್ಟನೆ ಆರಿಹೋಗುವುದು, ಅತ್ತೆ ಫೋನ್ ಮಾಡುವುದು, ಮಾವ ಬೈಕಿನಲ್ಲಿ ಓಡುವುದು. ಅವನು ಮುಟ್ಟುವ ಹೊತ್ತಿಗೆ ಎಂಜಿನ್ ತಣ್ಣಗಾಗಿ, ಕೀಲಿ ತಿರುಗಿಸಿದೊಡನೆ ಏನೂ ಆಗೇ ಇಲ್ಲವೆಂಬಂತೆ ಶುರುವಾಗುವುದು. ನನ್ನನ್ನು ಕಂಡರೆ ಅದಕ್ಕೆ ಭಯ ಎಂದು ಮಾವ ಬೀಗುತ್ತಿದ್ದ. ಮನೆಯಲ್ಲಿ ಅದಕ್ಕೊಂದಕ್ಕಾದರೂ ಇದೆಯಲ್ಲ ಎಂದು ಅತ್ತೆ ಅನ್ನುತ್ತಿದ್ದಳು. ಮಾವ ಪೆಟ್ರೋಲ್ ಫಿಲ್ಟರ್ ಬದಲಿಸಿದ. ಆಮೇಲೆ ಪಂಪ್ ಬದಲಿಸಿದ. ಆಮೇಲೆ ಕಿಡಿ ಕೊಡುವ ಕಾಯಿಲ್. ಸ್ಕ್ಯಾನರ್ ತಂದು ಹಚ್ಚಿದರೆ ದೋಷವೇ ಇಲ್ಲವೆಂದಿತು. ಮರುವಾರ ಅಜ್ಜಿ ಮತ್ತೆ ಮಲಗಿದಳು.

ಆ ದಿನ ಮಕ್ಕಳು ಪರೀಕ್ಷೆಗೆ ತಡವಾದರು. ಸಂಜೆ ವ್ಯಾನಿನಲ್ಲಿ ಬರುವ ಇಬ್ಬರು ಮಕ್ಕಳ ತಂದೆ ಶಾಲೆಯ ಗೇಟಿನ ಬಳಿ ಅತ್ತೆಗಾಗಿ ಕಾದಿದ್ದರು. ಸಿಟ್ಟಿನಿಂದೇನೂ ಮಾತಾಡಲಿಲ್ಲ. ಇನ್ನೊಮ್ಮೆ ಹೀಗಾದರೆ ನಾವೆಲ್ಲ ಸೇರಿ ಬೇರೆ ವ್ಯಾನು ಗೊತ್ತು ಮಾಡಿಕೊಳ್ಳುತ್ತೇವೆ, ತಪ್ಪು ತಿಳಿಯಬೇಡಿ ಅಂದರು. ಅತ್ತೆ ಆಗಲಿ ಅಂದಳು.

ಮರುದಿನ ಶನಿವಾರ, ರಜೆ. ಅತ್ತೆ ಖಾಲಿ ವ್ಯಾನನ್ನು ಏರಿನಲ್ಲಿ ಹತ್ತಿಸಿ ಇಳಿಸಿ ಎಂಜಿನ್ನನ್ನು ಚೆನ್ನಾಗಿ ಕಾಯಿಸಿಕೊಂಡು ಗ್ಯಾರೇಜಿಗೆ ಬಂದಳು. ವ್ಯಾನು ಬಾಗಿಲಲ್ಲೇ ಆರಿಹೋಯಿತು. ಅವಳು ಇಳಿದು, ಯಾರ ಕಡೆಗೂ ನೋಡದೆ, ಸೆರಗಿನಿಂದ ಧೂಳು ಝಾಡಿಸಿ ಹಸಿರು ಸ್ಟೂಲಿನ ಮೇಲೆ ಕೂತಳು.

“ಗಿರಾಕಿ ಬಂದಿದ್ದೀನಿ. ಕೇಳಿ,” ಅಂದಳು.

ಮಾವ ನಕ್ಕ. ಅವಳು ನಗಲಿಲ್ಲ. ಟೈರ್ ಅಂಗಡಿಯವನೂ ಕೆಲಸ ನಿಲ್ಲಿಸಿ ಇತ್ತ ನೋಡುತ್ತಿದ್ದ. ಮಾವ ನಿಧಾನವಾಗಿ ಕೈ ಒರೆಸಿಕೊಂಡು, ಖಾಲಿ ಡಬ್ಬವೊಂದನ್ನು ಬೋರಲು ಹಾಕಿ ಎದುರಿಗೆ ಕೂತ.

“ಮೊದಲಿಂದ ಹೇಳಿ,” ಅಂದ. ಹೆಂಡತಿಗೆ ಅವನು ಬಹುವಚನ ಹಾಕಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅತ್ತೆ ಹೇಳಿದಳು. ಆರುವ ಮೊದಲು ಎಂಜಿನ್ ಕೆಮ್ಮುವುದಿಲ್ಲ, ಮುಗ್ಗರಿಸುವುದಿಲ್ಲ, ಟಪ್ ಎಂದು ನಿಲ್ಲುತ್ತದೆ. ಚಳಿಯ ಬೆಳಗಿನಲ್ಲಿ ಎಂದೂ ಆಗಿಲ್ಲ. ಇಷ್ಟು ಹೇಳಿ, ವ್ಯಾನಿನ ಕಡೆ ಕೈ ತೋರಿಸಿ ಮುಂದುವರಿಸಿದಳು.

“ಇನ್ನೊಂದಿದೆ. ಗಾಡಿ ಗೇರಲ್ಲೇ ಇರುತ್ತೆ, ಚಕ್ರ ಉರುಳ್ತಾನೇ ಇರುತ್ತೆ. ಆದ್ರೆ ಆರ್‌ಪಿಎಂ ಮುಳ್ಳು ಮಾತ್ರ ದಪ್ ಅಂತ ಸೊನ್ನೆಗೆ ಬಿದ್ದಿರುತ್ತೆ.”

“ಗಾಡಿ ಉರುಳ್ತಿರುವಾಗಲೇ?”

“ಹೂಂ. ಪ್ರತಿ ಸಲ.”

“ಇದನ್ನ ಮೊದಲೇ ಯಾಕೆ ಹೇಳ್ಲಿಲ್ಲ?”

“ನೀವು ಕೇಳಿದ್ರೆ ತಾನೆ. ಊರವರ ಕಥೆಯೆಲ್ಲ ಕೇಳ್ತೀರಿ. ನಾನು ಫೋನ್ ಮಾಡಿದ್ರೆ ‘ಇರು ಬಂದೆ’ ಅಂತ ಇಟ್ಟುಬಿಡ್ತೀರಿ.”

ಮಾವ ಡಬ್ಬದಿಂದ ಎದ್ದು ಬಾನೆಟ್ ಎತ್ತಿದ. ಟೈರ್ ಅಂಗಡಿಯವನು ತನ್ನ ಕೆಲಸಕ್ಕೆ ಮರಳಿದ.

ನನಗೆ ಮಾವ ಆಮೇಲೆ ವಿವರಿಸಿದ್ದು ಹೀಗೆ. ಪೆಟ್ರೋಲ್ ಸಾಲದೆ ಎಂಜಿನ್ ನಿಂತರೂ, ಗೇರಿನಲ್ಲಿರುವ ತನಕ ಉರುಳುವ ಚಕ್ರಗಳು ಅದನ್ನು ತಿರುಗಿಸುತ್ತಲೇ ಇರುತ್ತವೆ. ಎಂಜಿನ್ ಎಷ್ಟು ವೇಗವಾಗಿ ತಿರುಗುತ್ತಿದೆ ಎಂದು ತೋರಿಸುವ ಆರ್‌ಪಿಎಂ ಮುಳ್ಳು ಆಗ ಮೆಲ್ಲಗೆ ಇಳಿಯಬೇಕು. ಒಮ್ಮೆಲೇ ಬಿತ್ತೆಂದರೆ, ಎಂಜಿನ್ ತಿರುಗುತ್ತಿದೆ ಎಂದು ಸುದ್ದಿ ಮುಟ್ಟಿಸುವ ಸೆನ್ಸರೇ ಬಾಯಿ ಮುಚ್ಚಿದೆ ಎಂದರ್ಥ. ಸುದ್ದಿ ಬಾರದಿದ್ದರೆ ಗಾಡಿಯ ಕಂಪ್ಯೂಟರ್ ಕಿಡಿಯನ್ನೂ ಪೆಟ್ರೋಲನ್ನೂ ನಿಲ್ಲಿಸಿಬಿಡುತ್ತದೆ. ಹಳೆಯ ಸೆನ್ಸರ್ ಕಾದಾಗ ಕೈಕೊಡುತ್ತದೆ, ತಣಿದಾಗ ಸರಿಹೋಗುತ್ತದೆ.

ಅದನ್ನು ಖಚಿತ ಮಾಡಿಕೊಳ್ಳಲು ಮಾವ ಒಂದು ತೆಳು ಕೊಳವೆಯಿಂದ ಸೆನ್ಸರ್ ಇರುವ ಜಾಗಕ್ಕಷ್ಟೇ ತಣ್ಣೀರು ಬಿಟ್ಟ. ಉಳಿದ ಎಂಜಿನ್ ಇನ್ನೂ ಸುಡುತ್ತಿತ್ತು. ಅತ್ತೆ ಕೀಲಿ ತಿರುಗಿಸಿದಳು. ಅಜ್ಜಿ ಎದ್ದಳು.

ಬದಲಿಸುವುದೇ ಕಷ್ಟವಾಯಿತು. ಸೆನ್ಸರ್ ಇರುವುದು ಎಂಜಿನ್ನಿನ ಬೆನ್ನಿಗೆ, ಗೇರ್‌ಬಾಕ್ಸ್ ಕೂಡುವಲ್ಲಿ. ಮೇಲಿಂದ ಕೈ ಹೋಗುತ್ತದೆ, ಕಣ್ಣು ಹೋಗುವುದಿಲ್ಲ. ಕೆಳಗಿಂದ ಕಾಣುತ್ತದೆ, ಕೈ ಎಟಕುವುದಿಲ್ಲ. ಎಂಜಿನ್ ತಣಿಯಲು ಬಿಟ್ಟು, ಅಷ್ಟರಲ್ಲಿ ಬಿಡಿಭಾಗದ ಅಂಗಡಿಯಿಂದ ಹೊಸ ಸೆನ್ಸರ್ ತಂದು, ಬ್ಯಾಟರಿಯ ತಂತಿ ಬಿಚ್ಚಿ, ವ್ಯಾನಿನ ಮುಂಭಾಗವನ್ನು ಎತ್ತಿ ಸ್ಟ್ಯಾಂಡುಗಳ ಮೇಲೆ ಕೂರಿಸಿದರು. ಮಾವ ಮೇಲಿಂದ ಮೊಣಕೈವರೆಗೆ ತೋಳು ಇಳಿಸಿ ಬೋಲ್ಟಿನ ತಲೆಗೆ ಟೋಪಿಯಂತೆ ಕೂರುವ ಸಾಕೆಟ್ ಒತ್ತಿ ಹಿಡಿದ. ಅತ್ತೆ ಸೆರಗು ಸಿಕ್ಕಿಸಿಕೊಂಡು ಕೆಳಗೆ ಮಲಗಿ, ಆ ಸಾಕೆಟ್ಟಿಗೆ ಜೋಡಿಸಿದ ಉದ್ದನೆಯ ಸರಳನ್ನು ತುದಿಯಿಂದ ತಿರುಗಿಸಬೇಕು. ನನ್ನ ಪಾಲಿಗೆ ಟಾರ್ಚ್.

“ಎಡಕ್ಕೆ,” ಅಂದ ಮಾವ.

“ನಿಮ್ಮ ಎಡಾನಾ, ನನ್ನ ಎಡಾನಾ?”

“ಬೋಲ್ಟಿನ ಎಡ ಕಣೇ.”

“ಅದಾದ್ರೂ ಬಾಯಿಬಿಟ್ಟು ಹೇಳುತ್ತಾ, ನೋಡೋಣ.”

ಬೋಲ್ಟ್ ಅಲುಗಿತು. ಸೆನ್ಸರ್ ತುಕ್ಕಿನಲ್ಲಿ ಕಚ್ಚಿಕೊಂಡಿತ್ತು. ಮಾವ ಅದನ್ನು ಎಳೆಯಲಿಲ್ಲ, ಮುರಿದರೆ ಅರ್ಧ ಒಳಗೇ ಉಳಿಯುತ್ತದೆ. ಎಣ್ಣೆ ಬಿಟ್ಟು ಕಾದ. ಬೆರಳಿನಿಂದ ಅತ್ತಿತ್ತ ಅಲುಗಿಸಿ ಮತ್ತೆ ಕಾದ. ಕೊನೆಗೆ ಅದು ಹಾಲುಹಲ್ಲಿನ ಹಾಗೆ ಬಂತು. ಹೊಸದರ ರಬ್ಬರ್ ಉಂಗುರಕ್ಕೆ ಎಣ್ಣೆ ಸವರಿ ಕೂರಿಸಿದ. ಬೋಲ್ಟ್ ಕತ್ತಲಲ್ಲಿ ಜಾರಿ ಬೀಳದಿರಲೆಂದು ಸಾಕೆಟ್ಟಿನೊಳಗೆ ಒಂದಿಷ್ಟು ಗ್ರೀಸ್ ಮೆತ್ತಿ ಅಂಟಿಸಿಕೊಂಡ. ಈ ಸಲ ಯಾರ ಎಡ, ಯಾರ ಬಲ ಎಂದು ಇಬ್ಬರೂ ಮೊದಲೇ ಮಾತಾಡಿಕೊಂಡರು.

ಇವತ್ತು ಭಾನುವಾರ, ಬಿಸಿಲೇರಿದ ಮೇಲೆ ಪರೀಕ್ಷೆ ಮಾಡಿದೆವು. ಮಕ್ಕಳ ತೂಕಕ್ಕೆ ಹಳೆಯ ಟೈರುಗಳನ್ನು ತುಂಬಿದೆವು. ತನ್ನ ತೂಕವನ್ನೂ ಸೇರಿಸಿಕೊಳ್ಳಿ ಎಂದು ಟೈರ್ ಅಂಗಡಿಯವನು ಹಿಂದೆ ಹತ್ತಿ ಕೂತ. ಅತ್ತೆ ಆ ಏರನ್ನು ಮತ್ತೆ ಮತ್ತೆ ಹತ್ತಿಸಿದಳು. ಮಾವ ರಸ್ತೆ ನೋಡಲೇ ಇಲ್ಲ, ಮುಳ್ಳನ್ನೇ ನೋಡುತ್ತಿದ್ದ. ಅದು ಬೀಳಲಿಲ್ಲ.

ಅತ್ತೆ ಆ ಮಕ್ಕಳ ತಂದೆಗೆ ಫೋನ್ ಮಾಡಿ, ನಾಳೆ ಮಕ್ಕಳನ್ನು ಕಳಿಸಿ ಅಂದಳು. ಅವರು ಒಂದು ವಾರ ನೋಡುತ್ತೇವೆ ಅಂದರಂತೆ. ಅಷ್ಟು ಸಾಕು ಅಂದಳು ಅತ್ತೆ. ಗ್ಯಾರೇಜಿಗೆ ಮರಳಿದ ಮೇಲೆ ಮಾವ ಸ್ಟೂಲನ್ನು ಅವಳ ಕಡೆಗೆ ಸರಿಸಿ, ಇನ್ನೇನಾದರೂ ಹೇಳೋದಿದೆಯಾ ಎಂದು ಕೇಳಿದ. ವ್ಯಾನಿನ ಹಿಂದಿನ ಬಾಗಿಲು ಗಲಗಲ ಅನ್ನುತ್ತದೆ ಎಂಬಲ್ಲಿಂದ ಅವಳು ಶುರುಮಾಡಿದಳು. ಟೈರ್ ಅಂಗಡಿಯ ಷಟರ್ ಇಳಿದರೂ ಮುಗಿದಿರಲಿಲ್ಲ.

ನಾಳೆ ಬೆಳಿಗ್ಗೆ ವ್ಯಾನು ಹೊರಡುವ ಮೊದಲು ನಾನು ಕೆಳಗೆ ಮಲಗಿ, ಟಾರ್ಚ್ ಹಾಯಿಸಿ, ಹೊಸ ಸೆನ್ಸರಿನ ಸುತ್ತ ಎಣ್ಣೆ ಒಸರಿದೆಯೇ ಎಂದು ನೋಡುತ್ತೇನೆ. ಆಮೇಲೆ ಅತ್ತೆಯ ಪಕ್ಕದ ಸೀಟಿನಲ್ಲಿ ಕೂತು ಶಾಲೆಯ ಗೇಟಿನವರೆಗೆ ಹೋಗಿಬರುತ್ತೇನೆ.