ಉಸಿರು ಕಡಿದ ಮಂತ್ರ

ನಿಮ್ಮಲ್ಲೂ ಕೆಲವರು ವೇದ ಪಾಠಶಾಲೆಯ ಅನ್ನ ಉಂಡವರಿರಬಹುದು. ಹಾಗಿದ್ದರೆ ಅಷ್ಟಮಿಯ ಸುಖ ನಿಮಗೆ ಗೊತ್ತು. ಆ ಕಾಲದಲ್ಲಿ ನಮಗೆ ಭಾನುವಾರದ ರಜೆಯಿರಲಿಲ್ಲ. ಅಷ್ಟಮಿ, ಅಮಾವಾಸ್ಯೆ, ಪಾಡ್ಯದಂದು ವೇದ ಹೇಳಬಾರದೆಂಬ ಕಟ್ಟಳೆಯೇ ನಮ್ಮ ರಜೆ. ಹೆಗಡೆಕಟ್ಟಾದಿಂದ ಆಚೆ ಇದ್ದ ನಮ್ಮ ಪಾಠಶಾಲೆಯಲ್ಲಿ ಅವತ್ತು ಬೆಳಗ್ಗೆಯೆಲ್ಲ ಚಿನ್ನಿದಾಂಡು, ಮಧ್ಯಾಹ್ನಕ್ಕೆ ಒಂದೆಲಗದ ತಂಬುಳಿ. ಅದನ್ನು ಉಂಡರೆ ನೆನಪಿನ ಶಕ್ತಿ ಹೆಚ್ಚುತ್ತದೆಂದು ಗುರುಗಳ ಹೆಂಡತಿ, ನಮ್ಮೆಲ್ಲರ ಅಮ್ಮ, ಸೌಟುಗಟ್ಟಲೆ ಬಡಿಸುತ್ತಿದ್ದರು. ನನಗಂತೂ ಹೆಚ್ಚಿದ್ದು ಹಸಿವೆ ಮಾತ್ರ.

ಉಳಿದ ದಿನ ಸಂಥೆ. ಗುರುಗಳು ಒಮ್ಮೆ ಹೇಳಿದ್ದನ್ನು ನಾವು ಎರಡು ಸಲ ಹೇಳಬೇಕು. ಪುಸ್ತಕ ಮುಟ್ಟುವಂತಿಲ್ಲ. ಅವರ ಬಾಯಿಂದ ಹೇಗೆ ಬಂತೋ ಹಾಗೇ ನಮ್ಮ ಬಾಯಿಗೆ ಬರಬೇಕು. ಆದರೆ ಗುರುಗಳಿಗೆ ದಮ್ಮಿನ ಕಾಯಿಲೆ. ಚಳಿ ಶುರುವಾಯಿತೆಂದರೆ ಎದೆ ಸುಂಯ್‌ಗುಡುತ್ತಿತ್ತು. ಆ ಚಳಿಗಾಲ ಒಂದು ಉದ್ದದ ಮಂತ್ರ ಹೇಳಿಕೊಡುವಾಗ, ಉಸಿರು ಸಾಲದೆ ಪದದ ನಡುವೆಯೇ ನಿಲ್ಲುತ್ತಿದ್ದರು. ಅಲ್ಲಿ ಉಸಿರು ಕಡಿಯುವುದು ದೊಡ್ಡ ದೋಷವೆಂದು ನಮಗೇನು ಗೊತ್ತು? ನಾವೂ ನಿಂತೆವು.

ಚಳಿ ಮುಗಿಯುವ ಹೊತ್ತಿಗೆ ಪರೀಕ್ಷೆ ಮಾಡಲು ಹೊರಗಿನಿಂದ ಹಿರಿಯ ವಿದ್ವಾಂಸರೊಬ್ಬರು ಬಂದರು. ನಮ್ಮ ಪಾಠಶಾಲೆ ಉಳಿಯಬೇಕೋ, ಮಕ್ಕಳನ್ನೆಲ್ಲ ದೊಡ್ಡ ಪಾಠಶಾಲೆಗೆ ಸೇರಿಸಬೇಕೋ ಎಂಬುದು ಅವರ ಮಾತಿನ ಮೇಲೆ ನಿಂತಿತ್ತು. ಪಾಠಶಾಲೆಯೇ ಗುರುಗಳ ಮನೆ. ಅವರಿಗೆ ಬೇರೆ ನೆಲೆಯಿರಲಿಲ್ಲ. ನಾವು ಗಂಟಲು ಬಿಚ್ಚಿ ಹೇಳಿದೆವು. ಆ ಜಾಗ ಬಂದೊಡನೆ ಎಲ್ಲರೂ ಒಟ್ಟಿಗೆ ಸುಂಯ್ ಎಂದು ಉಸಿರೆಳೆದು ಮುಂದುವರಿದೆವು. ವಿದ್ವಾಂಸರ ಹುಬ್ಬು ಮೇಲೇರಿತು. ಮತ್ತೆ ಹೇಳಿಸಿದರು. ಮತ್ತೆ ಸುಂಯ್. ಅಲ್ಲಿ ಯಾಕೆ ನಿಲ್ಲುತ್ತೀರೆಂದು ಕೇಳಿದರು. ನಂದೊಳ್ಳಿಯ ಗಣಪು, ನಮ್ಮಲ್ಲೆಲ್ಲ ಚಿಕ್ಕವನು, ಗುರುಗಳು ಅಲ್ಲೇ ನಿಲ್ಲುತ್ತಾರೆ ಎಂದುಬಿಟ್ಟ.

ವಿದ್ವಾಂಸರು ನಕ್ಕರು. ಒಳ್ಳೆಯ ಮನುಷ್ಯ. ಇದೇನು ಮಹಾ, ತಿದ್ದಿದರಾಯಿತು, ಪಾಠಶಾಲೆ ನಡೆಯಲಿ ಎಂದರು. ಬದುಕಿದೆಯಾ ಬಡಜೀವವೇ ಎಂದುಕೊಂಡೆವು. ಆಗ ಗುರುಗಳು ಎದ್ದು ನಿಂತರು.

“ತಿದ್ದಲೆ ಯನ್ನ ಹತ್ರ ಉಸಿರಿಲ್ಲೆ. ಇವತ್ತು ಇಲ್ಲಿ ತಪ್ಪಿದ್ದು, ನಾಳೆ ಇನ್ನೊಂದ್ಕಡೆ ತಪ್ತು. ಮಕ್ಕಳ್ನ ಕರ್ಕಂಡು ಹೋಗಿ.”

ಬಾಗಿಲಲ್ಲಿ ನಿಂತಿದ್ದ ಅಮ್ಮ ಮೆಲ್ಲಗೆ ಕೇಳಿದರು, “ಹಂಗಾರೆ ನಂಗ ಇಬ್ರೂ ಎಲ್ಲಿಗೆ ಹೋಪದು?”

ವಿದ್ವಾಂಸರು ಎಷ್ಟು ಹೇಳಿದರೂ ಗುರುಗಳು ಜಗ್ಗಲಿಲ್ಲ. ಕೆಲವೇ ದಿನಗಳಲ್ಲಿ ನಮ್ಮನ್ನು ದೊಡ್ಡ ಪಾಠಶಾಲೆಯವರು ಕರೆದೊಯ್ದರು. ಗುರುಗಳು ಅಮ್ಮನೊಂದಿಗೆ ಯಲ್ಲಾಪುರದ ಕಡೆ ಭಾವನ ಮನೆಯ ಚಾವಡಿ ಸೇರಿದರಂತೆ. ಹೊಸ ಜಾಗದಲ್ಲಿ ನಮ್ಮ ತಪ್ಪು ತಿದ್ದಲು ಒಂದು ಬೆಳಗ್ಗೆ ಸಾಕಾಯಿತು. ಅದನ್ನು ಅವರಿಗೆ ಹೇಳಿಕಳಿಸುವವರು ಯಾರೂ ಇರಲಿಲ್ಲ. ಮುಂದಿನ ಚಳಿಗಾಲವನ್ನು ಗುರುಗಳು ದಾಟಲಿಲ್ಲ. ಸುದ್ದಿ ಬಂದ ದಿನ ಗಣಪು ಊಟ ಮಾಡದೆ ಮೂಲೆಯಲ್ಲಿ ಕೂತು ಅತ್ತ. ನಾನೂ ಅತ್ತೆ.

ಈಗ ಸಿದ್ದಾಪುರದಲ್ಲಿರುವ ತಂಗಿಯ ಮಗ ಫೋನಿನಲ್ಲಿ ಯಾರೋ ಹೇಳಿಟ್ಟದ್ದನ್ನು ಕೇಳಿಕೊಂಡೇ ಮಂತ್ರ ಕಲಿಯುತ್ತಾನೆ. ಉಚ್ಚಾರ ಶುದ್ಧವಾಗಿದೆ, ತೆಗೆದುಹಾಕುವ ಹಾಗಿಲ್ಲ. ಕಲಿಸುವವರು ಯಾರು ಎಂದೆ, ಹೆಸರು ಗೊತ್ತಿಲ್ಲವಂತೆ. ನೀನು ತಪ್ಪು ಹೇಳಿದರೆ ಎಂದೆ.

“ಎಂತ ಆಗ್ತಿಲ್ಲೆ ಮಾವ,” ಎಂದು ನಕ್ಕ.

ಪಾಪ, ಹುಡುಗನದೇನೂ ತಪ್ಪಿಲ್ಲ. ಆದರೆ ಅವನು ಒಂದು ಕಡೆ ತಪ್ಪಿದನೆಂದು ಮನೆ ಬಿಟ್ಟು ಹೊರಡುವವರು ಯಾರೂ ಇಲ್ಲವಲ್ಲ ಎಂದು ನನಗೆ ಬಹಳ ಸಂಕಟವಾಯಿತು.